ಡಿಕ್ಕಿ ಇದರದ ಐತಿ

ಅಯಸ್ಕಾಂತ ಮತ್ತೆ ಕೆಳಗೆ ಬಿತ್ತು.

"ಕೈ ಜಾರಿತೇನ್ರಿ ರಾಯರ?" ಎಂದು ಕಾರಿನ ಮಾಲಕ ಜಯಂತ ನಕ್ಕ.

ಕೈ ಜಾರಿರಲಿಲ್ಲ. ಒಡೆದ ಗಾಡಿ, ಸುಟ್ಟ ಗಾಡಿ, ಹಳ್ಳಕ್ಕೆ ಬಿದ್ದು ನೀರು ಕುಡಿದ ಗಾಡಿ ನೋಡಿ ನೋಡಿಯೇ ನನ್ನ ತಲೆ ಬೆಳ್ಳಗಾಗಿದೆ. ಗದಗಿನಲ್ಲಿ ಜಯತೀರ್ಥ ಎಂದು ಕೇಳಿದರೆ ಯಾರೂ ಹೇಳಲಿಕ್ಕಿಲ್ಲ, ವಿಮೆಯ ಸರ್ವೇ ಮಾಡುವ ಸಿಡುಕು ರಾಯರು ಎಂದರೆ ಮನೆತನಕ ತಂದು ಬಿಡುತ್ತಾರೆ. ನನ್ನ ಹತ್ತಿರ ಇರುವ ದೊಡ್ಡ ಯಂತ್ರವೆಂದರೆ ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ಈ ಅಯಸ್ಕಾಂತ. ಬಣ್ಣಕ್ಕೆ ಗೀರು ಬೀಳದಿರಲಿ ಎಂದು ಅದಕ್ಕೆ ಹಳೇ ಧೋತರದ ಚೂರು ಸುತ್ತಿದ್ದೇನೆ. ತಗಡು ಇದ್ದಲ್ಲಿ ಹಿಡಿಯುತ್ತದೆ. ತಗಡಿನ ಮೇಲೆ ಬೇರೆ ಏನನ್ನಾದರೂ ದಪ್ಪಗೆ ಮೆತ್ತಿದ್ದರೆ ಹಿಡಿಯುವುದಿಲ್ಲ.

ಕಾರಿನ ಬಲಗಡೆಯ ಮಡ್ಗಾರ್ಡಿಗೆ ಅದು ಉಡದ ಹಾಗೆ ಕಚ್ಚಿಕೊಂಡಿತ್ತು. ಎಡಗಡೆ, ಹೆಡ್‌ಲೈಟಿನ ಹಿಂದೆ, ಒಂದು ಗೇಣಿನಷ್ಟು ಜಾಗದಲ್ಲಿ ಎಲ್ಲಿ ಇಟ್ಟರೂ ಬೀಳುತ್ತಿತ್ತು.

"ಎಂಟು ಲಕ್ಷದ ಗಾಡಿ ರೀ ಇದು," ಎಂದ ಜಯಂತ. "ಇಂಗ್ಲಂಡದಾಗ ಹುಟ್ಟಿದ್ದು. ನಮ್ಮ ಕಾಕಾ ಮುಂಬೈಯೊಳಗ ಒಬ್ಬ ಪಾರ್ಸಿ ಕಡಿಂದ ತೊಗೊಂಡಿದ್ರು. ಈ ನಮ್ಮ ಕಡೆ ಇಂಥಾ ಟ್ರಯಂಫ್ ಇನ್ನೊಂದು ತೋರಿಸ್ರಿ ನೋಡೋಣ. ಕೂದಲೆಳಿಯಷ್ಟು ಗೀರು ಬಿದ್ದಿಲ್ಲ."

ನರಗುಂದದ ಅವನ ಜಿನ್ನಿಂಗ್ ಮಿಲ್ಲಿನ ಹಿಂದಿನ ಗೋದಾಮಿನಲ್ಲಿ ನಾವು ನಿಂತಿದ್ದೆವು. ಹತ್ತಿಯ ಹಂಗಾಮು ಮುಗಿದಿತ್ತು. ಮೂಲೆ ಮೂಲೆಯಲ್ಲಿ ಅರಳೆಯ ಜೂಲು ನೇತಾಡುತ್ತಿತ್ತು, ಉಸಿರಾಡಿದರೆ ಮೂಗಿಗೆ ಬರುತ್ತಿತ್ತು. ನಡುವೆ ಈ ಕಾರು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ, ಉದ್ದನೆಯ ಮೂತಿ, ಗಿಳಿಗಿಂತ ಗಾಢವಾದ ಹಸಿರು. ಚೆಂದ ಇತ್ತು, ಇಲ್ಲ ಅನ್ನಲಾರೆ. ಆದರೆ ಹೊರಗೆ ಶೃಂಗಾರ ಒಳಗೆ ಗೋಳಿಸೊಪ್ಪು ಎಂಬ ಮಾತನ್ನು ನಮ್ಮ ಹಿರಿಯರು ಕಾರು ಬರುವುದಕ್ಕೂ ಮೊದಲೇ ಮಾಡಿಟ್ಟಿದ್ದಾರೆ.

ಪುಣೆಯ ಗಿರಾಕಿಯೊಬ್ಬ ಈ ಗಾಡಿಯ ಸ್ಥಿತಿ ನೋಡಿ ಕಿಮ್ಮತ್ತು ಹೇಳಲು ನನ್ನನ್ನು ಕಳಿಸಿದ್ದ. ಅದು ನಿಜ. ಆದರೆ ನಾನು ಒಪ್ಪಿಕೊಂಡು ಬಂದದ್ದು ಅವನ ಸಲುವಾಗಿ ಅಲ್ಲ. ಮೂರು ವರ್ಷದ ಹಿಂದೆ, ಇದೇ ಕಾರಿನ ಡಿಕ್ಕಿಯಿಂದ ಬಂಗಾರ ಕದ್ದು ಗಜೇಂದ್ರಗಡದ ಟಿಂಕರ್ ಖಾದರ ಓಡಿಹೋದ ಎಂದು ಜಯಂತ ಫಿರ್ಯಾದಿ ಕೊಟ್ಟಿದ್ದ. ಆ ಖಾದರನ ತಾಯಿ ಮೈಮುನಬಿ ಹೊರಗೆ ಬೇವಿನ ಗಿಡದ ಕೆಳಗೆ, ನನ್ನ ಮಾರುತಿಯಲ್ಲಿ ಕೂತಿದ್ದಳು. ಮಗ ಕಳ್ಳನಲ್ಲ ಎಂದು ಯಾರಾದರೂ ಒಬ್ಬರು ಹೇಳಬೇಕು, ಅವನು ಎಲ್ಲಿದ್ದಾನೆ ಎಂದು ತಿಳಿಯಬೇಕು. ಆಕೆಗೆ ಬೇಕಾದದ್ದು ಇಷ್ಟೇ.

ನಾನು ಬೆರಳಿನ ಗೆಣ್ಣಿನಿಂದ ಆ ಜಾಗ ಬಾರಿಸಿದೆ. ಪುಟ್ಟಿ ಹಚ್ಚಿದ್ದರೆ ಒಣಗಿದ ಮಡಿಕೆಯ ಸಪ್ಪಳ ಬರಬೇಕು. ಇಲ್ಲಿ ಬರಲಿಲ್ಲ. ಸಪ್ಪಳ ಗಟ್ಟಿಯಾಗಿತ್ತು, ಮುಟ್ಟಿದರೆ ತಣ್ಣಗಿತ್ತು.

"ಟಿಂಕರಿಂಗ್ ಏನರೆ ಆಗ್ಯದೇನು?" ಎಂದೆ.

"ಇಲ್ರಿ. ಹೋದ ತಿಂಗಳ ಪೆಟ್ರೋಲ್ ಟ್ಯಾಂಕ್ ಸೋರಲಿಕ್ಕತ್ತಿತ್ತು, ಒಂದು ಬೆಸಿಗಿ ಹಾಕಿಸೀನಿ. ಮುಚ್ಚಿಡೂದ್ಯಾಕ, ಖರೇನ ಹೇಳ್ಲಿಕ್ಕತ್ತೀನಿ. ಅದನ್ನ ಬಿಟ್ಟರ ಯಾರೂ ಕೈ ಹಚ್ಚಿಲ್ಲ."

"ಗಜೇಂದ್ರಗಡದಾಂವ ಒಬ್ಬ ಬಂದಿದ್ದನಂತಲ್ಲ?"

ಅವನ ನಗು ಒಂದು ಕ್ಷಣ ನಿಂತು ಮತ್ತೆ ಹೊರಟಿತು. "ಆ ಕಳ್ಳನೇನು? ಊರೆಲ್ಲ ಗೊತ್ತದ ಬಿಡ್ರಿ ಅದು. ಡಿಕ್ಕಿ ಮುಚ್ಚಳ ತುಕ್ಕು ಹಿಡಿದಿತ್ತು, ರಿಪೇರಿಗೆ ಅಂತ ಕರಸಿದ್ದೆ. ಬಂದ ದಿನಾನ ಡಿಕ್ಕಿ ತಗದ, ನನ್ನ ಹೇಣ್ತಿ ಬಂಗಾರದ ಡಬ್ಬಿ ಕಣ್ಣಿಗೆ ಬಿತ್ತು, ಎತ್ಕೊಂಡು ಓಡಿದ. ಗಾಡಿಗೆ ಒಂದು ಸುತ್ತಿಗಿ ಪೆಟ್ಟು ಸೈತ ಹಾಕಿಲ್ಲ."

"ಬಂಗಾರ ಡಿಕ್ಕಿಯೊಳಗ ಯಾಕ ಇಟ್ಟಿದ್ರಿ?"

"ಲಗ್ನಕ್ಕ ಹೊಂಟಿದ್ವಿ."

"ರಿಪೇರಿಗೆ ಕೊಟ್ಟ ಗಾಡಿಯೊಳಗ?"

"ನೀವು ಗಾಡಿ ನೋಡಾಕ ಬಂದೀರೋ ನನ್ನ ಹೇಣ್ತಿ ಬಂಗಾರ ನೋಡಾಕ ಬಂದೀರೋ?" ಎಂದು ಅವನು ಮತ್ತೆ ನಕ್ಕ. ನಾನೂ ನಕ್ಕೆ. ಹಲ್ಲು ತೋರಿಸುವುದಕ್ಕೆ ಖರ್ಚಿಲ್ಲ.

ಈ ಕಾರಿನ ಒಂದು ವಿಶೇಷ ಏನೆಂದರೆ ಮಡ್ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಇಡೀ ಮೂತಿಯೇ ಬಾನೆಟ್. ಮುಂದಕ್ಕೆ ಬಗ್ಗಿಸಿದರೆ ಹಸು ಬಾಯಿ ತೆರೆದಂತೆ ತೆರೆದುಕೊಳ್ಳುತ್ತದೆ. ಹಾಗೆ ಬಗ್ಗಿಸಿದೆ. ಒಳಗೆಲ್ಲ ಯಾರೋ ಕಪ್ಪು ಬಣ್ಣ ಹೊಡೆದಿದ್ದರು. ಆದರೆ ಪೇಂಟರ್ ಎಂದ ಮೇಲೆ ಸೋಮಾರಿತನ ಹುಟ್ಟುಗುಣ. ಎಡ ಮಡ್ಗಾರ್ಡಿನ ಒಳಮೂಲೆಗೆ ಅವನ ಕೈ ಹೋಗಿರಲಿಲ್ಲ. ನಾನು ತಲೆ ತೂರಿಸಿ ಕೈಬ್ಯಾಟರಿಯ ಬೆಳಕು ಬಿಟ್ಟೆ.

ಬೆಳ್ಳಗೆ ಹೊಳೆಯಿತು.

ತವರ. ಪಾತ್ರೆಗೆ ಕಲಾಯಿ ಹಾಕುವ ತವರ.

ಕಾರಿನ ತಗ್ಗಿಗೆ ಈಗ ಎಲ್ಲರೂ ಪುಟ್ಟಿ ಹಚ್ಚುತ್ತಾರೆ. ತವರ ತುಂಬುವವನು, ಅದೂ ಹೊರಗಷ್ಟೇ ಅಲ್ಲ, ಯಾರಿಗೂ ಕಾಣದ ಒಳಮೈಗೆ ಮೊದಲು ಹಾಕುವವನು, ಪಾತ್ರೆಗೆ ಕಲಾಯಿ ಹಾಕುವ ಮನೆಯಲ್ಲಿ ಹುಟ್ಟಿದವನೇ ಆಗಿರಬೇಕು. ಪಾತ್ರೆಗೆ ಕಲಾಯಿ ಹಾಕುವುದು ಒಳಗೇ ಅಲ್ಲವೇ? ಖಾದರನ ತಂದೆ ಫಕೀರಸಾಬ ಊರೂರು ತಿರುಗುವ ಕಲಾಯಿಗಾರ. ಮಗ ಕಾರಿನ ಕೆಲಸ ಕಲಿತ, ಆದರೆ ಅಪ್ಪನ ತವರ ಬಿಡಲಿಲ್ಲ.

ಇನ್ನೂ ಒಂದು ಇತ್ತು. ಕಲಾಯಿಗಾರ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಸರ್ರನೆ ಒರೆಸುತ್ತಾನೆ. ಒರೆಸಿ ಕೈ ಎತ್ತಿದಲ್ಲಿ ತವರದ ಒಂದು ಸಣ್ಣ ಬಾಲ ಉಳಿಯುತ್ತದೆ. ಬಲಗೈಯವನ ಬಾಲ ಬಲಕ್ಕೆ ತಿರುಗಿರುತ್ತದೆ. ಹೋದ ವಾರ ಮೈಮುನಬಿ ತನ್ನ ಮನೆಯಲ್ಲಿ ನನಗೆ ಒಂದು ಬೋಗುಣಿ ತೋರಿಸಿದ್ದಳು. "ನಮ್ಮಾಂವ ಎಡಚ ರೀ. ಉಣ್ಣಾಕ ಹೊಡದು ಬಡದು ಬಲಗೈ ರೂಢಿ ಮಾಡಿಸೇನಿ, ಕೆಲಸಕ್ಕ ಮಾತ್ರ ಎಡಗೈನ. ನೋಡ್ರಿಲ್ಲೆ, ಬಾಲ ಹ್ಯಾಂಗ ಎಡಕ್ಕ ಹೊಳ್ಳೇತಿ!" ಎಂದು ಹೇಳುವಾಗ ಆಕೆಯ ಮುಖದಲ್ಲಿ ಹೆಮ್ಮೆ ಇತ್ತು.

ಮಡ್ಗಾರ್ಡಿನ ಒಳಗೆ ಬಾಲ ಎಡಕ್ಕೆ ಹೊರಳಿತ್ತು.

ನಾನು ಗೋದಾಮಿನ ಬಾಗಿಲಿಗೆ ಹೋಗಿ ಕರೆದೆ. "ಮೈಮುನಬೀ, ಸ್ವಲ್ಪ ಒಳಗ ಬರ್ರಿ."

"ಯಾರ್ರಿ ಈಕಿ?" ಎಂದ ಜಯಂತ.

"ನನ್ನ ಜೋಡಿ ಬಂದಾರ. ನನಗ ಕಾಣಲಾರದ್ದು ಇವರಿಗೆ ಕಾಣ್ತದ."

ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಂದಳು. ನಾನು ಬ್ಯಾಟರಿ ಹಿಡಿದೆ. ಆಕೆ ನೋಡಲಿಲ್ಲ, ಮೊದಲು ಕೈ ತೂರಿಸಿದಳು. ಬೆರಳು ತವರದ ಮೇಲೆ ಹೋಯಿತು, ಬಾಲದ ತುದಿಯಲ್ಲಿ ನಿಂತಿತು. ಮತ್ತೆ ಹಿಂದಕ್ಕೆ ಬಂತು, ಮತ್ತೆ ಹೋಯಿತು. ಮಲಗಿದ ಕೂಸಿನ ಬೆನ್ನು ಸವರಿದಂತಿತ್ತು.

"ನಮ್ಮ ಖಾದರನ ಕೈ," ಎಂದಳು. ಆಮೇಲೆ ಜಯಂತನ ಕಡೆ ತಿರುಗಿ, "ನನ್ನ ಮಗ ಕೆಲಸ ಮಾಡ್ಯಾನ್ರಿ! ಕೈ ಹಚ್ಚಲಾರದ ಓಡಿಹ್ವಾದ ಅಂತ ಬರಸೀರಲ್ಲ, ನೋಡ್ರಿ, ಎಷ್ಟ ಚಲೋ ಕೆಲಸ ಮಾಡ್ಯಾನ!" ಎಂದಳು. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. ಮೂರು ವರ್ಷದಿಂದ ಓಣಿಯ ಹೆಂಗಸರು ನಲ್ಲಿಯ ಹತ್ತಿರ ಆಕೆಯ ಕೊಡವನ್ನು ಸರಿಸಿ ಇಡುತ್ತಿದ್ದರು. ಕಳ್ಳನ ತಾಯಿ ಎಂದು.

ಜಯಂತನ ಮುಖ ಇಷ್ಟು ಸಣ್ಣದಾಯಿತು. "ಓಹೋ! ರಾಯರು ಕಿಮ್ಮತ್ತು ಮಾಡ್ಲಿಕ್ಕೆ ಬಂದಿಲ್ಲ, ಪತ್ತೇದಾರಿ ಮಾಡ್ಲಿಕ್ಕೆ ಬಂದಾರ."

"ಎರಡೂ ಒಂದೇ ಕೆಲಸ ಅದ," ಎಂದೆ. "ಯಾವುದು ಒರಿಜಿನಲ್ಲು, ಯಾವುದು ಆಮ್ಯಾಲೆ ಮೆತ್ತಿದ್ದು, ಅಷ್ಟ ನೋಡೂದು. ತಗ್ಗು ಬಿದ್ದಿತ್ತು ಇಲ್ಲೆ. ದೊಡ್ಡ ತಗ್ಗು. ಯಾಕ ಬಿತ್ತು?"

"ಹಳೇ ಗಾಡಿ. ಕಾಕಾನ ಕಾಲದಾಗ ಎಲ್ಲರೆ ತಾಗಿರಬೇಕು."

ನಾನು ಕಾರಿನ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯನ್ನು ಉಗುರಿನಿಂದ ಎತ್ತಿದೆ. ಗಾಡಿಯ ವಯಸ್ಸು, ಜಾತಕ ಎಲ್ಲ ಅಡಗಿರುವುದು ಅಲ್ಲೇ. ಮೇಲೆ ಎಷ್ಟೇ ಬಣ್ಣ ಬಳಿದರೂ ರಬ್ಬರಿನ ಕೆಳಗೆ ಹಳೆಯ ಬಣ್ಣ ಹಾಗೇ ಉಳಿದಿರುತ್ತದೆ.

ಕೆಂಪು. ಕುಂಕುಮದಂಥ ಕೆಂಪು.

"ಮೊದಲ ಇದರ ಬಣ್ಣ ಯಾವುದಿತ್ರಿ?"

"ಮೊದಲಿಂದಾನೂ ಹಸರ." ಅವನ ಕಣ್ಣು ನನ್ನ ಉಗುರಿನ ಮೇಲಿತ್ತು. ಹಸಿರು ಅಂದ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಕೆಂಪು ಕಂಡಿತು. ಆಗ ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದೇ ಉಸಿರಿಗೆ ಅಂದುಬಿಟ್ಟ: "ಬಣ್ಣ ಬದಲಿ ಮಾಡಿದ್ರ ಏನಾತು? ಈ ಗಾಡಿ ಇವತ್ತಿನತನಕ ಯಾರಿಗೂ ಡಿಕ್ಕಿ ಹೊಡದಿಲ್ಲ! ಬೇಕಾದ್ರ ಡಿಕ್ಕಿ ತಗದು ನೋಡ್ರಿ, ಇಂಜಿನ್ ನೋಡ್ರಿ, ಎಲ್ಲಾ ನೋಡ್ರಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಿಗಾದರೂ ಡಿಕ್ಕಿ ಹೊಡೆದಿದೆಯೇ ಎಂದು ನಾನು ಕೇಳಿರಲೇ ಇಲ್ಲ.

ಆದರೆ ನನ್ನನ್ನು ನಿಂತಲ್ಲೇ ನಿಲ್ಲಿಸಿದ್ದು ಅದಲ್ಲ. ಅವನ ಬಾಯಿಯಲ್ಲಿ ಆ ಒಂದೇ ಮಾತು ಎರಡು ಸಲ ಬಂದಿತ್ತು, ಎರಡು ಅರ್ಥದಲ್ಲಿ ಬಂದಿತ್ತು.

ಡಿಕ್ಕಿ.

ಖಾದರ ಕಾಣೆಯಾದ ದಿನ ಮಧ್ಯಾಹ್ನ ನರಗುಂದದ ಬಸ್‌ಸ್ಟ್ಯಾಂಡಿನ ಹತ್ತಿರದ ಕಾಯಿನ್ ಬಾಕ್ಸಿನಿಂದ ಎದುರು ಮನೆಯ ಉಡಚವ್ವನ ಫೋನಿಗೆ ಮಾತಾಡಿದ್ದ. ಮೈಮುನಬಿ ನೀರಿಗೆ ಹೋಗಿದ್ದಳು. ಉಡಚವ್ವನೇ ಎತ್ತಿದಳು. ಒಂದು ರೂಪಾಯಿ ಮುಗಿಯುವುದರೊಳಗೆ ಅವನು ಅಂದದ್ದು ಇಷ್ಟು: "ಚಿಗವ್ವಾ, ನಮ್ಮವ್ವಗ ಹೇಳು. ಡಿಕ್ಕಿ ಇದರದ ಐತಿ. ಮಾಲಕರನ್ನ ಕೇಳಿ ಬರ್ತೀನಿ."

ಆ ದಿನಗಳಲ್ಲಿ ಖಾದರ ಈ ಕಾರಿನ ಡಿಕ್ಕಿಗೆ ಹೊಂದುವ ಮುಚ್ಚಳ ಸಿಕ್ಕೀತೇ ಎಂದು ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದ. ಅದು ಓಣಿಗೆಲ್ಲ ಗೊತ್ತು. ಹೀಗಾಗಿ ಮುಚ್ಚಳ ಸಿಕ್ಕಿತು ಎಂದು ಉಡಚವ್ವ ತಿಳಿದಳು. ಡಿಕ್ಕಿಯೊಳಗಿನ ಬಂಗಾರ ಕಂಡ ಎಂದು ಪೊಲೀಸರು ತಿಳಿದರು. ಅದೇ ಮಾತನ್ನು ಅವನ ಮೇಲೆ ಸಾಕ್ಷಿ ಮಾಡಿದರು. ನಾನೂ ಹೋದ ವಾರ ಆ ಮಾತು ಕೇಳಿ ಅಹುದು ಅಹುದು ಎಂದು ತಲೆ ಆಡಿಸಿ ಬಂದಿದ್ದೆ.

ಅದಕ್ಕೂ ಒಂದು ತಿಂಗಳ ಮೊದಲು ಫಕೀರಸಾಬ ಸತ್ತಿದ್ದ. ಸವಡಿ ಊರಿನಲ್ಲಿ ಮಾನವ್ವ ಎಂಬಾಕೆಯ ತಾಮ್ರದ ಹಂಡೆಯನ್ನು ಕಲಾಯಿಗೆಂದು ಇಸಿದುಕೊಂಡು, ಸೈಕಲ್ಲಿಗೆ ಕಟ್ಟಿಕೊಂಡು ಬರುವಾಗ ಯಾವುದೋ ಗಾಡಿ ಗುದ್ದಿ ಹೋಗಿತ್ತು. 'ಅಪರಿಚಿತ ವಾಹನ ಡಿಕ್ಕಿ, ಕಲಾಯಿಗಾರ ಸಾವು' ಎಂದು ಪೇಪರಿನಲ್ಲಿ ನಾಲ್ಕು ಸಾಲು ಬಂದಿತ್ತು. ಅಂದಿನಿಂದ ಖಾದರ ಠಾಣೆಗೆ ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ ಎಂದು ಮೈಮುನಬಿಯೇ ನನಗೆ ಹೇಳಿದ್ದಳು: "ಡಿಕ್ಕಿ ಯಾವ ಗಾಡೀದ ಐತಿ, ಗೊತ್ತಾತೇನ್ರಿ?"

ಡಿಕ್ಕಿ ಇದರದ ಐತಿ.

ಅವನು ಠಾಣೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅವನಿಗೇ ಸಿಕ್ಕಿತ್ತು. ಅಪ್ಪನನ್ನು ಕೊಂದ ಕಾರಿನ ತಗ್ಗನ್ನು ಅಪ್ಪನ ತವರದಿಂದಲೇ ತುಂಬಿ ಮುಗಿಸಿದ್ದ. ಯಾವಾಗ ತಿಳಿಯಿತೋ ಅವನಿಗೆ. ಸುತ್ತಿಗೆ ಎತ್ತುವ ಮೊದಲೋ, ತವರ ಒರೆಸಿ ಕೈ ಎತ್ತಿದ ಮೇಲೋ.

ನಾನು ಮೈಮುನಬಿಯ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಆಕೆ ಕಾರಿನ ಬಾಗಿಲ ಹತ್ತಿರ ಬಂದು ರಬ್ಬರಿನ ಕೆಳಗಿನ ಕೆಂಪನ್ನು ನೋಡುತ್ತಿದ್ದಳು.

"ರಾಯರ," ಎಂದಳು ಮೆಲ್ಲಗೆ, "ನಮ್ಮ ಮನ್ಯಾಗ ಆ ಜಜ್ಜಿದ ಹಂಡೆ ಐತೆಲ್ಲ, ಮಾನವ್ವಂದು. ಅದರ ತಗ್ಗಿನಾಗ ಕೆಂಪು ಹತ್ತಿತ್ತು. ನೀವು ಕೇಳಿದ್ರಿ."

"ಕೇಳಿದ್ದೆ."

"ಕೆಮ್ಮಣ್ಣು ಅಂತ ಹೇಳಿದ್ನಿ."

ನಮ್ಮ ಕಡೆ ಒಲೆಗೂ ಹಂಡೆಗೂ ಕೆಮ್ಮಣ್ಣು ಬಳಿಯದ ಮನೆ ಇದೆಯೇ? ಹಂಡೆಯ ಮೇಲೆ ಕೆಂಪು ಕಂಡರೆ ಯಾವ ಮಗನಿಗೂ ಸಂಶಯ ಬರುವುದಿಲ್ಲ. ನನಗೂ ಬಂದಿರಲಿಲ್ಲ.

"ಕೆಮ್ಮಣ್ಣು ಕೈಗೆ ಹತ್ತತೈತ್ರಿ," ಎಂದಳು ಮೈಮುನಬಿ. "ಅದು ಹತ್ತತಿದ್ದಿಲ್ಲ. ಎಷ್ಟ ಸಲ ತಿಕ್ಕೇನಿ, ಹೋಗಿದ್ದಿಲ್ಲ. ಅದು ಬಣ್ಣ. ಈ ಬಣ್ಣ." ಆಮೇಲೆ ಜಯಂತನತ್ತ ನೋಡಿದಳು. "ನಮ್ಮ ಮನಿಯವರನ್ನ ಗುದ್ದಿದ್ದು ಈ ಗಾಡಿ?"

ಜಯಂತ ಗೋದಾಮಿನ ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇ ಎಂದು. ಆಮೇಲೆ ಅವನ ದನಿಯೇ ಬೇರೆಯಾಯಿತು. ಮಾರುವವನ ದನಿ ಹೋಗಿ ಮಾಲಕನ ದನಿ ಬಂತು.

"ಕೇಳ್ರಿ ರಾಯರ. ಅಪರಿಚಿತ ವಾಹನ ಅಂತ ಬರದು ಆ ಫೈಲು ಎಂದೋ ಮುಚ್ಯಾರ. ಗಾಡಿ ಇವತ್ತ ಸಂಜಿಗೆ ಪುಣೆ ಲಾರಿ ಏರ್ತದ. ನೀವು ಕಿಮ್ಮತ್ತು ಹೇಳಿದ್ರೂ ಏರ್ತದ, ಹೇಳದಿದ್ರೂ ಏರ್ತದ, ಬ್ಯಾರೆ ಗಿರಾಕಿನೂ ಇದ್ದಾನ. ಹಳೇ ಬಣ್ಣ ತೋರಿಸಿ ನನ್ನನ್ನ ಅಂಜಿಸ್ತೀರೇನು? ಕೆಂಪು ಬಣ್ಣದ ಗಾಡಿ ದೇಶದಾಗ ಇದೊಂದೇ ಏನು?"

"ಖಾದರ ಎಲ್ಲಿ?" ಎಂದೆ.

"ಓಡಿಹೋದ."

"ಕೈ ಹಚ್ಚಿಲ್ಲ ಅಂದಿದ್ರಿ."

"ಹಚ್ಚಿದ್ದ. ಹಚ್ಚಿ ಓಡಿಹೋದ. ಮರ್ತಿದ್ದೆ."

"ಫೋನ್ ಮಾಡಿ, ಮಾಲಕರನ್ನ ಕೇಳಿ ಬರ್ತೀನಿ ಅಂದಿದ್ದ. ಓಡಿಹೋಗಾಂವ ಹಂಗ ಹೇಳಿ ಹೋಗ್ತಾನೇನು? ಬಂದು ಕೇಳ್ಯಾನ ನಿಮ್ಮನ್ನ. ನಮ್ಮಪ್ಪನ್ನ ಗುದ್ದಿದ್ದು ನೀವೇನ್ರಿ ಅಂತ ಕೇಳ್ಯಾನ. ಇದೇ ಜಾಗಾದಾಗ ನಿಂತು ಕೇಳಿರಬೇಕು. ನೀವು ಏನು ಹೇಳಿದ್ರಿ ಅವಗ? ಏನು ಮಾಡಿದ್ರಿ?"

ನನ್ನ ದನಿ ಏರಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು ಕಾರಿಗೆ ಬೆನ್ನು ಹಚ್ಚಿದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಇನ್ನೊಂದು ಮಾತು ಜೋರಾಗಿ ಕೇಳಿದರೆ ಬಾಯಿ ಬಿಡುತ್ತಾನೆ ಎನ್ನಿಸಿತು.

ಅಷ್ಟರಲ್ಲಿ ಯಾರೋ ನನ್ನ ಅಂಗಿಯ ತೋಳು ಹಿಡಿದು ಎಳೆದರು. ಮೈಮುನಬಿ.

"ಹೋಗೂಣ್ರಿ ರಾಯರ."

"ತಡೀರಿ, ಈಗ ಹೇಳ್ತಾನ..."

"ಬ್ಯಾಡ. ಕೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಕೇಳಬ್ಯಾಡ್ರಿ ಅವನ್ನ." ಆಕೆಯ ಮುಖದಲ್ಲಿ ಆಗಿನ ನಗು ಎಲ್ಲಿತ್ತು? ಬಣ್ಣ ಹೋದ ಗೋಡೆಯಂತಾಗಿತ್ತು ಮುಖ. "ನಮ್ಮ ಖಾದರ ಕಳ್ಳನ ಇರಲಿ. ಪೊಲೀಸರು ಬರದದ್ದ ಖರೇ ಇರಲಿ."

"ಏನು ಮಾತಾಡ್ಲಿಕ್ಕತ್ತೀರಿ ನೀವು?"

"ಕಳ್ಳ ಆಗಿದ್ದಾಗ ಎಲ್ಲೋ ಒಂದ ಕಡೆ ಇದ್ದ ರೀ ಅವ. ಗೋವಾದಾಗ ಉಂಡಿರಬೇಕು, ಮುಂಬೈದಾಗ ಮಲಗಿರಬೇಕು, ಅಂಜಿ ಮನೀಗೆ ಬರವಲ್ಲ, ಅಂತ ಹೇಳ್ಕೊಂಡು ನಾ ದಿನಾ ರೊಟ್ಟಿ ಮುರೀತಿದ್ದೆ. ಈಗ ಕಳ್ಳ ಅಲ್ಲ ಅಂದ್ರ ಎಲ್ಲಿ ಅದಾನ್ರಿ? ಹೇಳ್ರಿ, ಎಲ್ಲಿ ಹುಗದಾರ? ಈ ಅರಳಿ ಗ್ವಾದಾಮಿನ ನೆಲದಾಗೇನು? ನಂಗ ಗೊತ್ತಾಗೂದ ಬ್ಯಾಡ. ನಲ್ಲಿ ಮುಂದ ಕೊಡಾ ಸರಸಲಿ, ಕಳ್ಳನ ತಾಯಿ ಅನ್ನಲಿ. ಅನ್ನಿಸ್ಕೋತೀನಿ. ಸಾಯೂತನಕ ಅನ್ನಿಸ್ಕೋತೀನಿ."

ಇಷ್ಟು ದಿನ ಈ ಹೆಣ್ಣುಮಗಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಓಡಾಡಿದ್ದೆ. ಪ್ರತಿಯೊಂದು ಸಾಕ್ಷಿ ಸಿಕ್ಕಾಗ ಒಳಗೊಳಗೇ ಹಿಗ್ಗಿದ್ದೆ. ಆ ಸಾಕ್ಷಿಗಳನ್ನೆಲ್ಲ ಕೂಡಿಸಿ ಈಗ ಆಕೆಯ ಮಗನ ಹೆಣ ಆಕೆಯ ಕೈಗೆ ಕೊಟ್ಟಿದ್ದೆ. ನನಗೆ ಅಳು ಬಂತು. ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು, "ಆತು, ನಡೀರಿ," ಎಂದೆ.

ಇಲ್ಲಿಗೇ ಜಯಂತ ಬಾಯಿ ಮುಚ್ಚಿಕೊಂಡಿದ್ದರೆ ನಾವು ಹೋಗಿಬಿಡುತ್ತಿದ್ದೆವು. ಸಂಜೆ ಲಾರಿ ಬರುತ್ತಿತ್ತು, ಕಾರು ಏರುತ್ತಿತ್ತು, ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ದೊಡ್ಡಸ್ತಿಕೆ ತೋರಿಸುವ ಚಟ ಇರುತ್ತದೆ.

"ಅಮ್ಮಾ, ನಿಂದರ್ರಿ," ಎಂದ. ದನಿಯಲ್ಲಿ ಬೆಣ್ಣೆ. "ನೀವು ಶಾಣ್ಯಾ ಅದೀರಿ. ಈ ರಾಯರು ನಿಮ್ಮ ತಲ್ಯಾಗ ಇಲ್ಲದ್ದೆಲ್ಲ ತುಂಬ್ಯಾರ. ನಿಮ್ಮ ಮನಸ್ಸಿನ ಸಮಾಧಾನಕ್ಕ ಡಿಕ್ಕಿ ಸೈತ ತಗದು ತೋರಸ್ತೀನಿ. ರಕ್ತ ಇಲ್ಲ, ಹೆಣ ಇಲ್ಲ, ಏನೂ ಇಲ್ಲ. ನೋಡಿ ನೆಟ್ಟಗ ಮನೀಗೆ ಹೋಗ್ರಿ."

ಕೀಲಿ ತಿರುಗಿಸಿ ಡಿಕ್ಕಿ ಎತ್ತಿದ.

ಖಾಲಿ ಇತ್ತು. ಒಂದು ಸ್ಟೆಪ್ನಿ, ಒಂದು ಜಾಕು, ಹಳೇ ಗೋಣಿಚೀಲ. ಈ ಗಾಡಿಯ ಪೆಟ್ರೋಲ್ ಟ್ಯಾಂಕು ಇರುವುದು ಡಿಕ್ಕಿಯೊಳಗೇ, ಸೀಟಿನ ಬೆನ್ನಿಗೆ ಹತ್ತಿಕೊಂಡು. ಮೈಮುನಬಿ ನೋಡಬಾರದೆಂದು ಮುಖ ತಿರುಗಿಸಿದವಳು ಹೇಗೋ ಒಂದು ಸಲ ನೋಡಿದಳು. ನೋಡಿ ನಿಂತಳು.

ಆಮೇಲೆ ಬಗ್ಗಿ ಕೈ ಒಳಗೆ ಚಾಚಿದಳು. ಟ್ಯಾಂಕಿನ ಮೂಲೆಯಲ್ಲಿ ಅಂಗೈ ಅಗಲದ ಬೆಸುಗೆ ಇತ್ತು. ಬಣ್ಣ ಹಚ್ಚಿರಲಿಲ್ಲ. ಹೊಸ ತವರ, ಈಗ ತಾನೇ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ಆಕೆಯ ಬೆರಳು ಅದರ ಮೇಲೆ ಹೋಯಿತು. ತುದಿಯಲ್ಲಿ ನಿಂತಿತು.

ನಾನು ಬ್ಯಾಟರಿ ಬಿಟ್ಟೆ. ಬಾಲ ಎಡಕ್ಕೆ ಹೊರಳಿತ್ತು.

"ರಾಯರ," ಎಂದಳು ಮೈಮುನಬಿ, ಕೈ ತೆಗೆಯದೆ. "ಈ ಬೆಸಿಗಿ ಹೊಸಾದು. ಯಾವಾಗ ಹಾಕಿಸ್ಯಾರಂತ, ಹೇಳಿದ್ರೇನು ಇವರು?"

ಆಕೆ ಆಗ ಹೊರಗೆ ಕಾರಿನಲ್ಲಿ ಕೂತಿದ್ದಳು. ಅವನು ಹೇಳಿದ್ದನ್ನು ಕೇಳಿದವನು ನಾನೊಬ್ಬನೇ.

"ಹೋದ ತಿಂಗಳ," ಎಂದೆ.

ಆಕೆ ನೆಟ್ಟಗೆ ನಿಂತಳು. ಕುಣಿದಾಡುತ್ತಾಳೆ, ಅಲ್ಲಾನಿಗೆ ಕೈ ಎತ್ತುತ್ತಾಳೆ ಎಂದುಕೊಂಡೆ. ಮಗ ಬದುಕಿದ್ದ. ಹೋದ ತಿಂಗಳು ಬದುಕಿದ್ದ, ಇಲ್ಲಿಯೇ ಇದ್ದ, ಅವನ ಕೈ ಸ್ವಲ್ಪವೂ ಅಲುಗಿರಲಿಲ್ಲ. ಆದರೆ ಆಕೆಯ ಮುಖ ಇನ್ನಷ್ಟು ಬಿಳಿಚಿತು. ನನಗೂ ಆಗ ಹೊಳೆಯಿತು. ನರಗುಂದದಿಂದ ಗಜೇಂದ್ರಗಡಕ್ಕೆ ರೋಣದ ಮೇಲೆ ಹಾಯ್ದು ಬಸ್ಸು ಹೋಗುತ್ತದೆ. ಮುಂಜಾನೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ.

ಮೈಮುನಬಿ ಜಯಂತನ ಎದುರಿಗೆ ಹೋಗಿ ನಿಂತಳು. ಗಂಡನನ್ನು ಗುದ್ದಿದವನನ್ನು ಬೈಯಲಿಲ್ಲ, ಕೈ ಎತ್ತಲಿಲ್ಲ. ಕೈ ಮುಗಿದಳು.

"ಅವ ಇದ್ದಾನಂದ್ರ," ಎಂದಳು, "ಮೂರು ವರ್ಷ ನಿಮ್ಮ ಕಡೆನ ಇದ್ದಾನಂದ್ರ, ಅವ್ವನ ಕಡೆ ಯಾಕ ಬರಲಿಲ್ರಿ? ಅವರಪ್ಪನ್ನ ಕೊಂದ ಗಾಡೀಗೆ ಬೆಸಿಗಿ ಹಾಕ್ಕೋತ ಯಾಕ ಕುಂತ?"

ಜಯಂತ ಡಿಕ್ಕಿಯ ಮುಚ್ಚಳವನ್ನು ಮೆಲ್ಲಗೆ ಇಳಿಸಿದ. ಅವನ ಮುಖದಲ್ಲಿ ಈಗ ಅಂಜಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಮ್ಮಿಬ್ಬರ ತಲೆಯ ಮೇಲಿಂದ, ನಮ್ಮ ಬೆನ್ನ ಹಿಂದಿನ ಬಾಗಿಲ ಕಡೆ ನೋಡುತ್ತಿದ್ದ.

"ನನಗ್ಯಾಕ ಕೇಳ್ತೀರಿ ಅಮ್ಮಾ?" ಎಂದ. "ಅವನ್ನೇ ಕೇಳ್ರಿ."

ಹಿಂದೆ ಯಾರದೋ ಚಪ್ಪಲಿಯ ಸಪ್ಪಳ ಬಂದು ಹೊಸ್ತಿಲಲ್ಲಿ ನಿಂತಿತು. ಮೈಮುನಬಿ ತಿರುಗಿ ನೋಡಲಿಲ್ಲ.